ಎಂಎಸ್ ಮತ್ತು ವೈರಸ್: ನಿನ್ನೆಯ ಫಾರ್ವರ್ಡ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ‘ಮಲ್ಟಿಪಲ್ ಸ್ಕ್ಲೆರೋಸಿಸ್ ಅಂಟುರೋಗ’ ಎಂಬ ಫಾರ್ವರ್ಡ್ ನಿನ್ನೆ ನಮ್ಮ ಗುಂಪಿಗೆ ಬಂದಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ. ದಯವಿಟ್ಟು ಮುಂದೆ ಕಳಿಸಬೇಡಿ. ಎಂಎಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಆದರೆ ಎಂಎಸ್‌ಗೂ ವೈರಸ್ಸಿಗೂ ನಂಟಿದೆ ಅನ್ನುವುದು ಪೂರ್ತಿ ಸುಳ್ಳಲ್ಲ. ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಎಂಜಲಿನಿಂದ ಹರಡುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು 95 ಜನರಿಗೆ ತಗುಲಿರುತ್ತದೆ. ಆಮೇಲೆ ಆಂಟಿಬಾಡಿ (ರೋಗಾಣುಗಳನ್ನು ಹಿಡಿಯುವ ಪ್ರೋಟೀನ್) ತಯಾರಿಸುವ ಬಿ ಜೀವಕೋಶಗಳಲ್ಲಿ ಸುಮ್ನೆ ಅವಿತಿರುತ್ತದೆ, ಜೀವನಪೂರ್ತಿ.

2022ರಲ್ಲಿ ಹಾರ್ವರ್ಡ್ ತಂಡ ಅಮೆರಿಕದ ಒಂದು ಕೋಟಿಗೂ ಜಾಸ್ತಿ ಸೈನಿಕರ ದಾಖಲೆ ನೋಡಿತು. ಎಂಎಸ್ ಬಂದವರಲ್ಲಿ 35 ಮಂದಿಯ ಮೊದಲ ರಕ್ತದ ಮಾದರಿಯಲ್ಲಿ ಈ ವೈರಸ್ಸಿನ ಗುರುತಿರಲಿಲ್ಲ. ಅವರಲ್ಲಿ 34 ಮಂದಿಗೆ ಎಂಎಸ್ ಶುರುವಾಗುವ ಮೊದಲೇ ಸೋಂಕು ತಗುಲಿತ್ತು! ಸೋಂಕಿನ ನಂತರ ಎಂಎಸ್ ಬರುವ ಅಪಾಯ 32 ಪಟ್ಟು ಆಗಿತ್ತು. ಇದೇ ಥರ ಎಂಜಲಿನಿಂದಲೂ ಹರಡುವ ಸೈಟೊಮೆಗಾಲೊ ಎಂಬ ಇನ್ನೊಂದು ವೈರಸ್ಸಿನಿಂದ ಅಪಾಯ ಹೆಚ್ಚಿರಲಿಲ್ಲ. ನನಗೆ ಈ ಹೋಲಿಕೆಯೇ ಗಟ್ಟಿ ಸಾಕ್ಷಿ ಅನ್ನಿಸುತ್ತದೆ.

ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಕಾರಣದ ಒಂದು ಎಳೆ ಹಿಡಿದರು. ಕೆಲವು ರೋಗಿಗಳ ಬಿ ಕೋಶಗಳ ಆಂಟಿಬಾಡಿ ವೈರಸ್ಸಿನ ಇಬಿಎನ್‌ಎ1 ಪ್ರೋಟೀನನ್ನು ಹಿಡಿಯುತ್ತದೆ. ಜೊತೆಗೆ ನಮ್ಮದೇ ಮೆದುಳಿನ ಗ್ಲಿಯಲ್‌ಕ್ಯಾಮ್ ಪ್ರೋಟೀನನ್ನೂ ಹಿಡಿಯುತ್ತದೆ. ಕಳ್ಳನ ಹೋಲಿಕೆ ಇದ್ದವನಿಗೂ ಏಟು ಬಿದ್ದ ಹಾಗೆ. ರೋಗನಿರೋಧಕ ಶಕ್ತಿಯ ಇನ್ನೊಂದು ಬಗೆಯ ಕೋಶಗಳಾದ ಟಿ ಕೋಶಗಳೂ ಈ ದಾಳಿಯಲ್ಲಿ ಸೇರುತ್ತವೆ. ನಮ್ಮಲ್ಲಿ ಕೆಲವರು ತೆಗೆದುಕೊಳ್ಳುವ ರಿಟುಕ್ಸಿಮಾಬ್, ಒಕ್ರೆಲಿಜುಮಾಬ್ ಬಿ ಕೋಶಗಳನ್ನೇ ಕಡಿಮೆ ಮಾಡುವ ಔಷಧಿಗಳು.

ವೈರಸ್ ಇದ್ದ ಬಹುಪಾಲು ಜನರಿಗೆ ಎಂಎಸ್ ಬರುವುದೇ ಇಲ್ಲ. ವಂಶವಾಹಿ, ಸಿಗರೇಟು, ವಿಟಮಿನ್ ಡಿ ಕೊರತೆ ಎಲ್ಲಾ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಮನೆಮಂದಿಗೆಲ್ಲ ವೈರಸ್ ಟೆಸ್ಟ್ ಮಾಡಿಸಿ ದುಡ್ಡು ಕಳೆಯಬೇಡಿ. ಪಾಸಿಟಿವ್ ಬರೋದು ಮಾಮೂಲಿ ಅಲ್ವಾ? ಔಷಧಿ ನಿಲ್ಲಿಸುವ ಮುನ್ನ ನಿಮ್ಮ ನ್ಯೂರಾಲಜಿಸ್ಟ್ ಹತ್ತಿರ ಮಾತಾಡಿ.