ಟಾಕೀಸು ಕೆಡವುವ ಮುನ್ನ ಕ್ಯಾಬಿನ್ ಅಳೆಯಿರಿ

ಮಾನ್ಯ ಸಂಪಾದಕರೇ,

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡ, ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಮೌಂಟ್ ಟಾಕೀಸು ಈಗಿಲ್ಲ. ಗಾಂಧಿನಗರದ ಕಪಾಲಿಯೂ ಹೋಯಿತು. ಮೆಜೆಸ್ಟಿಕ್ ಟಾಕೀಸು ಬಸ್ಸಿನ ಬೋರ್ಡಿನಲ್ಲಿ ಮಾತ್ರ ಉಳಿದಿದೆ. ಪ್ರತಿ ಸಲವೂ ಕಟ್ಟಡದ ಮುಂಭಾಗದ ಫೋಟೊ ತೆಗೆದು ಸುಮ್ಮನಾಗುತ್ತೇವೆ. ಬಾಲ್ಕನಿ ಹಿಂದಿನ ಪ್ರೊಜೆಕ್ಟರ್ ಕ್ಯಾಬಿನ್ನಿಗೆ ಯಾರೂ ಟೇಪು ಹಿಡಿಯುವುದಿಲ್ಲ. ಟಾಕೀಸಿನ ಚರಿತ್ರೆ ಇರುವುದೇ ಅಲ್ಲಿ.

1950ರ ದಶಕದ ಆರಂಭದವರೆಗೂ ರೀಲುಗಳು ಬೇಗ ಬೆಂಕಿ ಹಿಡಿಯುವ ನೈಟ್ರೇಟ್ ಫಿಲ್ಮಿನವು. ಅದು ಉರಿಯುತ್ತ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಬಿಡುತ್ತದೆ, ನೀರಿಗೂ ಆರುವುದಿಲ್ಲ. ಹಳೆಯ ಟಾಕೀಸುಗಳ ಹೊರಗೋಡೆಗೆ ಅಂಟಿದ ಕಬ್ಬಿಣದ ಮೆಟ್ಟಿಲು ಅಂದಕ್ಕಲ್ಲ, ಆಪರೇಟರ್ ಓಡಿ ಪಾರಾಗಲು. ಕ್ಯಾಬಿನ್ನಿನಿಂದ ಪರದೆಗೆ ಬೆಳಕು ಬಿಡುವ ಕಿಂಡಿಗಳ ಮೇಲಿನ ಕಬ್ಬಿಣದ ಹಲಗೆಯನ್ನು ಎತ್ತಿ ಹಿಡಿದ ತಂತಿಯಲ್ಲಿ ಬೇಗ ಕರಗುವ ಲೋಹದ ತುಣುಕೊಂದು ಇರುತ್ತಿತ್ತು. ಬೆಂಕಿ ಎದ್ದರೆ ತುಣುಕು ಕರಗಿ, ಹಲಗೆ ಬಿದ್ದು, ಜನ ಕೂತ ಕಡೆಗೆ ಜ್ವಾಲೆ ಹೋಗದು.

2,000 ಅಡಿಯ ರೀಲು ಸುಮಾರು 22 ನಿಮಿಷಕ್ಕೆ ಮುಗಿಯುತ್ತಿತ್ತು, ಹಾಗಾಗಿ ಎರಡು ಪ್ರೊಜೆಕ್ಟರ್. ಪರದೆಯ ಬಲ ಮೇಲ್ಮೂಲೆಯಲ್ಲಿ ಚುಕ್ಕೆ ಮಿನುಗಿದೊಡನೆ ಎರಡನೇ ಯಂತ್ರದ ಮೋಟಾರು ಹಾಕಬೇಕಿತ್ತು. ಏಳೆಂಟು ಸೆಕೆಂಡಿಗೆ ಮತ್ತೊಂದು ಚುಕ್ಕೆ, ಆಗ ಬೆಳಕು ಬದಲಿಸಬೇಕಿತ್ತು. ಈ ನಡುವೆ ಪ್ರೊಜೆಕ್ಟರಿಗೆ ಬೆಳಕು ಕೊಡುವ ಜೋಡಿ ಕಾರ್ಬನ್ ಕಡ್ಡಿ ಸವೆಯುತ್ತಲೇ ಇರುತ್ತಿತ್ತು. ಕಡ್ಡಿಗಳ ನಡುವಿನ ಅಂತರ ಹೆಚ್ಚಿದರೆ ಪರದೆ ಮಂಕಾಗಿ ದೀಪವೇ ಆರುತ್ತಿತ್ತು. ಕಡ್ಡಿಯ ಹೊಗೆಗೆ ಚಾವಣಿ ದಾಟುವ ತಗಡಿನ ಕೊಳವೆ. ಆಮೇಲೆ ಜೆನಾನ್ ದೀಪ, ಡಿಜಿಟಲ್ ಬಂದವು. ಮುಚ್ಚಿದ ಕಿಂಡಿ, ನೆಲದ ಬೋಲ್ಟು ತೂತುಗಳನ್ನು ನೋಡಿದರೆ ಯಾವ ಯಂತ್ರ ಎಲ್ಲಿತ್ತೆಂದು ಹೇಳಬಹುದು.

ಕೆಡವಲು ಅನುಮತಿ ಕೊಡುವ ಮುನ್ನ ಅಳತೆ ನಕ್ಷೆ ಕಡ್ಡಾಯವಾಗಲಿ: ಕಿಂಡಿಯಿಂದ ಪರದೆಗೆ ಎಷ್ಟು ಅಡಿ, ಬೆಳಕು ಎಷ್ಟು ಇಳಿಮುಖ, ಗಾಂಧಿ ಕ್ಲಾಸಿನ ಮೊದಲ ಸಾಲು ಎಲ್ಲಿ, ನೆಲದ ಇಳಿಜಾರೆಷ್ಟು. ಪರವಾನಗಿ ಕಡತದ ಹಳೆಯ ನಕ್ಷೆಗಳನ್ನೂ ರದ್ದಿಗೆ ಹಾಕದೆ ಪತ್ರಾಗಾರಕ್ಕೆ ಕಳಿಸಲಿ.

ಇನ್ನೊಂದು ಚಿಕ್ಕ ವಸ್ತುವಿದೆ. ಕ್ಯಾಬಿನ್ ಎತ್ತರದಲ್ಲಿರುವುದರಿಂದ ಪರದೆ ಮೇಲೆ ಚಿತ್ರ ಕೆಳಗಡೆ ಅಗಲವಾಗುತ್ತದೆ. ಅದನ್ನು ಸರಿಪಡಿಸಲು ಪ್ರೊಜೆಕ್ಟರಿನಲ್ಲಿ ಫಿಲ್ಮಿನ ಬಳಿ ಕೂರುವ ಅಂಗೈಗಿಂತ ಚಿಕ್ಕ ಲೋಹದ ತಗಡಿನ ಕಿಂಡಿಯನ್ನು ಅರದಿಂದ ಉಜ್ಜಿ ಓರೆ ಮಾಡುತ್ತಿದ್ದರು. ಒಂದು ಟಾಕೀಸಿನದು ಇನ್ನೊಂದಕ್ಕೆ ಹೊಂದದು. ಪ್ರೊಜೆಕ್ಟರನ್ನು ಗುಜರಿಗೆ ತೂಕಕ್ಕೆ ಹಾಕುವ ಮಾಲೀಕರು ಆ ತಗಡನ್ನಾದರೂ ಬಿಚ್ಚಿ, ಟಾಕೀಸಿನ ಹೆಸರು ಬರೆದು ಎತ್ತಿಡಲಿ.

– ಹಳೆಯ ಚಿತ್ರಮಂದಿರಗಳ ಆಸಕ್ತರು, ಬೆಂಗಳೂರು