ನಿನ್ನ ಗೆಳತಿಯ ಕುಡಿತದ ವಿಷಯ

ಚಿ. ಸಹನಾಳಿಗೆ ಅಮ್ಮನ ಆಶೀರ್ವಾದಗಳು.

ಪರೀಕ್ಷೆ ಮುಗಿದ ರಾತ್ರಿಗಳಲ್ಲಿ ಮಾತ್ರ ಕುಡಿಯುತ್ತಿದ್ದ ನಿನ್ನ ರೂಮ್‌ಮೇಟ್ ಈಗ ನಿದ್ದೆಗೆಂದು ದಿನವೂ ಕುಡಿಯುತ್ತಾಳೆ, ಕೇಳಿದರೆ ಸಿಡುಕುತ್ತಾಳೆ ಎಂದೆಯಲ್ಲ, ಅದನ್ನು ಫೋನಿನಲ್ಲಿ ಮಾತಾಡಿ ಮುಗಿಸಲಾಗದು ಎಂದು ಬರೆಯುತ್ತಿದ್ದೇನೆ.

ಕುಡಿತ ಕಡಿಮೆ ಮಾಡಬೇಕೆನಿಸಿದೆಯೇ, ಯಾರಾದರೂ ಆಕ್ಷೇಪಿಸಿದರೆ ಸಿಟ್ಟು ಬರುತ್ತದೆಯೇ, ತಪ್ಪು ಮಾಡಿದೆನೆಂಬ ಅಳುಕು ಕಾಡುತ್ತದೆಯೇ, ಬೆಳಿಗ್ಗೆ ಎದ್ದೊಡನೆ ಬೇಕೆನಿಸುತ್ತದೆಯೇ ಎಂದು ಕುಡಿತದ ಸಮಸ್ಯೆ ಗುರುತಿಸಲು ಕೇಳುವ ‘ಕೇಜ್’ ಎಂಬ ಪ್ರಶ್ನಾವಳಿಯ ನಾಲ್ಕು ಪ್ರಶ್ನೆಗಳನ್ನು ವಾರ್ಡಿನ ರೋಗಿಗೆ ಸಲೀಸಾಗಿ ಕೇಳುವ ಎಂಬಿಬಿಎಸ್ ವಿದ್ಯಾರ್ಥಿಗಳಾದ ನೀವು, ಪಕ್ಕದ ಮಂಚದವಳಿಗೆ ಕೇಳಲು ಹಿಂಜರಿಯುತ್ತೀರಿ. ಎರಡಕ್ಕೆ ಹೌದೆಂದರೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ ಎಂದು ನಿಮಗೆ ಕಲಿಸಿರುತ್ತಾರೆ. ಮದ್ಯ ಬೇಗ ನಿದ್ದೆ ಹತ್ತಿಸಿದರೂ ರಾತ್ರಿಯ ದ್ವಿತೀಯಾರ್ಧದ ನಿದ್ದೆಯನ್ನು ಕೆಡಿಸುತ್ತದೆ. ಮರುದಿನದ ದಣಿವು, ಬೇಸರಗಳಿಗೆ ಮತ್ತೆ ಅದೇ ಮದ್ದಾಗುತ್ತದೆ. ಅವಳಲ್ಲಿ ಮೊದಲು ಬಂದದ್ದು ಖಿನ್ನತೆಯೋ ಕುಡಿತವೋ ಎಂದು ನೀವಿಬ್ಬರೇ ಕುಳಿತು ತೀರ್ಮಾನಿಸಬೇಡಿ.

ಇನ್ನೊಂದು ಮಾತು. ಇವತ್ತಿನಿಂದಲೇ ಬಿಟ್ಟುಬಿಡು ಎಂದು ಅವಳಿಂದ ಆಣೆ ಹಾಕಿಸಬೇಡ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಕಾಲು ಮುರಿದು ಸೇರಿದ ಒಬ್ಬರು ಎರಡು ದಿನ ಸುಮ್ಮನಿದ್ದು, ಮೂರನೆಯ ರಾತ್ರಿ ಬೆವರುತ್ತ, ಹೊದಿಕೆಯ ಮೇಲೆ ಹುಳು ಹರಿದಾಡುತ್ತಿವೆ ಎಂದು ಆರಿಸಿ ಆರಿಸಿ ಬಿಸಾಡತೊಡಗಿದರು. ಬಹುಕಾಲದ ವಿಪರೀತ ಕುಡಿತ ಥಟ್ಟನೆ ನಿಂತರೆ ಹೀಗೂ ಆಗುತ್ತದೆ, ಫಿಟ್ಸ್ ಕೂಡ ಬರಬಹುದು. ನಿನ್ನ ಗೆಳತಿ ಅಲ್ಲಿಗೆ ಮುಟ್ಟಿಲ್ಲವೆಂದೇ ನನ್ನ ನಂಬಿಕೆ. ಆದರೂ ಬಿಡಿಸುವ ಕ್ರಮವನ್ನು ವೈದ್ಯರೇ ಹೇಳಲಿ.

ನಿಮ್ಮದೇ ಕಾಲೇಜಿನ ಮನೋವೈದ್ಯ ವಿಭಾಗಕ್ಕೆ ಹೋದರೆ ನಾಳೆ ವೈವಾದಲ್ಲಿ ಅದೇ ಮೇಷ್ಟ್ರ ಮುಂದೆ ಕೂರಬೇಕಲ್ಲ ಎಂಬ ಅವಳ ಭಯವನ್ನು ಸುಳ್ಳೆನ್ನಲಾರೆ. ರೋಗಿಯ ಗುಟ್ಟು ಕಾಯುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಹಕ್ಕಾಗಿಸಿದ್ದರೂ ಕಾರಿಡಾರಿನ ಗುಸುಗುಸು ಕಾಯ್ದೆ ಓದಿಕೊಂಡು ಬರುವುದಿಲ್ಲ. ಹಾಗಾಗಿ ಹೊರಗಿನ ಮನೋವೈದ್ಯರನ್ನೋ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವನ್ನೋ ಕಾಣಬಹುದು. 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಎಂದಿದ್ದಾರೆ. ಇಷ್ಟಿದ್ದೂ ಜೂನಿಯರ್‌ಗಳ ಕೈಗೆ ಗ್ಲಾಸು ಕೊಡುವುದನ್ನು ಹಾಸ್ಟೆಲಿನ ಸಂಪ್ರದಾಯವೆಂದು ಮೆರೆಸುವವರನ್ನು ಕಂಡರೆ ನನಗಂತೂ ಮೈಯುರಿಯುತ್ತದೆ.

ಸಾಯುವ ಮಾತೇನಾದರೂ ಅವಳ ಬಾಯಿಂದ ಬಂದರೆ, ಯಾರಿಗೂ ಹೇಳಬೇಡವೆಂದು ಎಷ್ಟೇ ಗೋಗರೆದಿದ್ದರೂ, ಆ ಕ್ಷಣವೇ ವಾರ್ಡನ್‌ಗೆ ತಿಳಿಸು, ಅವಳನ್ನು ಒಂಟಿಯಾಗಿ ಬಿಡಬೇಡ. ಉಳಿದಂತೆ ಅವಳ ಅಪ್ಪ ಅಮ್ಮನಿಗೆ ಹೇಳುವುದು ಅವಳಿಗೇ ಸೇರಿದ್ದು. ಬುಧವಾರ ನನಗೆ ವಾರದ ರಜೆ; ಅವಳು ಒಪ್ಪಿದರೆ ಬೆಳಗಿನ ಬಸ್ಸಿಗೇ ಹೊರಟು ಬಂದು ವೈದ್ಯರ ಬಳಿ ಜೊತೆಗೆ ಬರುತ್ತೇನೆ ಎಂದು ಹೇಳು, ಉತ್ತರವನ್ನು ಮಂಗಳವಾರ ಸಂಜೆಯೊಳಗೆ ತಿಳಿಸು.

ಇಂತು,
ನಿನ್ನ ಅಮ್ಮ