ಟೆಂಪೋ ಅಣ್ಣನಿಗೆ ಥ್ಯಾಂಕ್ಸ್

ದೇವಿಮನೆ ಘಟ್ಟದಲ್ಲಿ ಜೋರು ಮಳೆ, ಬಸ್ಸು ಕೆಟ್ಟು ನಿಂತಿತ್ತು. ರಾತ್ರಿ ಗೋವಾದಿಂದ ನನ್ನ ವಿಮಾನ. ಚರ್ಚುಗಳ ಒಗ್ಗಟ್ಟಿನ ಬಗ್ಗೆ ಕಲಿಯಲು ಜಿನೀವಾಕ್ಕೆ ಹೊರಟಿದ್ದೆ. ಆಗ ಗಾಡಿ ನಿಲ್ಲಿಸಿದ್ದು ನೀವು. ಶಿರಸಿಯಲ್ಲಿ ಮೀನು ಇಳಿಸಿ ಕಾರವಾರಕ್ಕೆ ವಾಪಸ್ ಹೋಗುತ್ತಿದ್ದಿರಿ. "ಹತ್ತಿ ತಂಗಿ, ಆಮೇಲೆ ಮಾತಾಡುವ" ಅಂದಿರಿ. ಬ್ಯಾಗಿಗೆ ಮೀನಿನ ವಾಸನೆ ಹಿಡಿಯಬಾರದು ಅಂತ ಹಿಂದೆ ಹಾಕಲಿಲ್ಲ, ಪ್ಲಾಸ್ಟಿಕ್ ಸುತ್ತಿ ಸೀಟಿನ ಮೇಲೇ ಇಟ್ಟಿರಿ. ಅಂಕೋಲಾದಲ್ಲಿ ಚಹಾ ಕುಡಿಸಿದಿರಿ, ದುಡ್ಡು ಕೊಡಲು ಬಿಡಲಿಲ್ಲ. ಕಾರವಾರದಲ್ಲಿ ಹೊರಟೇಬಿಟ್ಟಿದ್ದ ಗೋವಾ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದಿರಿ. ಅದರಲ್ಲಿ ಕೂತ ಮೇಲೇ ನನಗೆ ಜೀವ ಬಂದಿದ್ದು.

"ಚರ್ಚಿನವರು ಬೇರೆ ಬೇರೆ ಅಲ್ವಾ, ಒಟ್ಟಿಗೆ ಏನು ಮಾಡ್ತಾರೆ?" ಎಂದು ದಾರಿಯಲ್ಲಿ ಕೇಳಿದ್ದಿರಿ. ಆಗ ಸರಿಯಾಗಿ ಹೇಳಲಾಗಲಿಲ್ಲ. ಚರ್ಚುಗಳ ಜಾಗತಿಕ ಮಂಡಳಿ 1948ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾಯಿತು. ನಮ್ಮ ಕ್ಯಾಥೋಲಿಕ್ ಚರ್ಚು ಅದರ ಸದಸ್ಯ ಅಲ್ಲ. ಆದರೂ ನಂಬಿಕೆಯ ವಿಷಯದಲ್ಲಿ ಚರ್ಚುಗಳ ಒಗ್ಗಟ್ಟಿಗಾಗಿ ಚರ್ಚಿಸುವ ಅದರ ಫೇತ್ ಅಂಡ್ ಆರ್ಡರ್ ಆಯೋಗದಲ್ಲಿ 1968ರಿಂದ ನಮ್ಮವರೂ ಇದ್ದಾರೆ. ಜಿನೀವಾದಲ್ಲಿ ಆರ್ಥೊಡಾಕ್ಸ್, ಲೂಥರನ್, ಮೆಥಡಿಸ್ಟ್ ಹೀಗೆ ಬೇರೆ ಬೇರೆ ಚರ್ಚಿನ ನಾವೆಲ್ಲರೂ ಒಟ್ಟಿಗೆ ಪ್ರಾರ್ಥಿಸಿ, ಒಂದೇ ಮೇಜಿನಲ್ಲಿ ಉಂಡೆವು. ಪೂಜೆಯಲ್ಲಿ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸದ ಪರಮಪ್ರಸಾದ ಮಾತ್ರ ಇನ್ನೂ ಬೇರೆ ಬೇರೆ. ಅದು ನನಗೆ ತುಂಬಾ ಬೇಜಾರಾಯಿತು.

ಹೆಸರು ಕೇಳಲೂ ಪುರಸೊತ್ತಾಗಲಿಲ್ಲ. ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ತಿಳಿಸಿ ಅಣ್ಣ, ಮನೆಯವರೆಲ್ಲ ನಿಮ್ಮನ್ನು ಊಟಕ್ಕೆ ಕರೆಯಬೇಕೆಂದಿದ್ದಾರೆ.